ಮೊಣಕಾಲಿಗೂ ಒಂದು ಕೆಲಸ

ಹರಟುವವರು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುತ್ತಾರೆ ಎಂದು ದೂರುವುದುಂಟು. ಬಳ್ಳಾರಿ ಸೀಮೆಯಲ್ಲಿ ಈ ದೂರು ಕನ್ನಡದಲ್ಲೂ ಕೇಳುತ್ತದೆ, ತೆಲುಗಿನಲ್ಲೂ ಕೇಳುತ್ತದೆ. ಎರಡರಲ್ಲೂ ಬೈಸಿಕೊಂಡು ಸುಖವಾಗಿರುವವರೇ ನಮ್ಮ ಬಾದನಹಟ್ಟಿಯ ಕಟ್ಟೆಯ ಮೇಲೆ ಹೆಚ್ಚು. ಬೋಳುತಲೆಯ ವಿಷಯ ಎತ್ತಿದರೆ ಆ ಕಟ್ಟೆಯ ಅರ್ಧ ಜನಕ್ಕೆ ಬೇಜಾರು. ಮೊಣಕಾಲಾದರೆ ಎಲ್ಲರಿಗೂ ಸಮಾನ ದುಃಖ. ಹಾಗಾಗಿ ಅದನ್ನೇ ಹಿಡಿದುಕೊಳ್ಳೋಣ.

ಮಾತು ಹುಟ್ಟಿದ್ದು ಒಂದು ಗಿಟಾರಿನಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಹಬ್ಬಕ್ಕೆ ಬಂದಾಗ ಮೊಬೈಲಿನಲ್ಲಿ ತೋರಿಸಿದ. ಅದಕ್ಕೆ ಗಿಟಾರಿನ ಲಕ್ಷಣ ಒಂದೂ ಇರಲಿಲ್ಲ ಅನ್ನಿ. ನಾಲ್ಕು ಕಾಲಿನ ಸಣ್ಣ ಮೇಜು, ಅದರ ಮೇಲೆ ಹತ್ತು ತಂತಿ. ಮುಂದೆ ಕೂತವನ ಎಡಗೈಯಲ್ಲಿ ನುಣುಪಾದ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ನಖಿ. ಎಡಪಾದದ ಕೆಳಗೆ ಸಾಲಾಗಿ ಮೂರು ಪೆಡಲ್, ಬಲಪಾದದ ಕೆಳಗೆ ದನಿ ಹೆಚ್ಚುಕಡಿಮೆ ಮಾಡುವ ಇನ್ನೊಂದು. ಇಷ್ಟು ಸಾಲದು ಅಂತ ಮೇಜಿನ ಅಡಿಯಿಂದ ನಾಲ್ಕೈದು ಲೋಹದ ಪಟ್ಟಿಗಳು ಜೋತುಬಿದ್ದಿದ್ದವು.

“ಇವೇನಪ್ಪಾ, ಬಟ್ಟೆ ಒಣಗಹಾಕಾಕ?” ಅಂದೆ.

“ಮೊಣಕಾಲಿನ ಲಿವರ್ ಮಾವಾ. ಎಡಕ್ಕೆ ತಳ್ಳಿದರೆ ತಂತಿ ಅರ್ಧ ಸ್ವರ ಏರತೈತಿ, ಬಲಕ್ಕೆ ತಳ್ಳಿದರೆ ಅದೇ ತಂತಿ ಅರ್ಧ ಸ್ವರ ಇಳೀತೈತಿ. ಇದಕ್ಕ ಪೆಡಲ್ ಸ್ಟೀಲ್ ಗಿಟಾರ್ ಅಂತಾರ.”

ಪಕ್ಕದಲ್ಲಿ ಪೇಟಿ ಮಾಸ್ತರು ಕೂತಿದ್ದರು. ಸುತ್ತಲ ಹಳ್ಳಿಗಳ ಬಯಲಾಟಕ್ಕೆ, ಸಾಮಾಜಿಕ ನಾಟಕಕ್ಕೆ ಹಾರ್ಮೋನಿಯಂ ಹಿಡಿದು ಮುದುಕರಾದವರು. ಅವರು ಮೊಬೈಲನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, “ಅಲ್ಲೋ, ಈತ ನುಡಿಸಾಕ ಹತ್ಯಾನೋ, ಕುಂತಲ್ಲೇ ಈಜಾಕ ಹತ್ಯಾನೋ?” ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆಯೇ. ಈ ವಾದ್ಯದ ವಂಶಾವಳಿ ಮಾತ್ರ ನಮಗೆ ಅಷ್ಟೇನೂ ದೂರದ್ದಲ್ಲ. ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗ 19ನೇ ಶತಮಾನದ ಕೊನೆಯಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹ ಜಾರಿಸಿ ನುಡಿಸಿದ ಎನ್ನುತ್ತಾರೆ. ರೈಲುಹಳಿಯ ಪಕ್ಕ ಸಿಕ್ಕ ಬೋಲ್ಟಿನಿಂದ ಶುರುವಾಯಿತು ಎಂಬುದೊಂದು ಕಥೆ. ಅವನಿಗಿಂತ ಮೊದಲೇ ಗೇಬ್ರಿಯಲ್ ಡೇವಿಯನ್ ಎಂಬ, ಇಂಡಿಯಾದಿಂದ ಹಡಗಿನಲ್ಲಿ ಹೋದವನೊಬ್ಬ ಹೀಗೆ ನುಡಿಸಿ ತೋರಿಸಿದ್ದ ಎಂಬುದು ಇನ್ನೊಂದು ಕಥೆ. ಎರಡನೆಯದನ್ನು ಕೇಳಿದ ಕೂಡಲೇ ಕಟ್ಟೆಯ ಮೇಲೆ ಎಲ್ಲರ ಬೆನ್ನೂ ಸ್ವಲ್ಪ ನೆಟ್ಟಗಾಯಿತು. ನಮ್ಮ ಗೋಟುವಾದ್ಯದವರು ಮರದ ತುಂಡು ಜಾರಿಸಿ ನುಡಿಸುವುದನ್ನು ಕಂಡವರು ಈ ಕಥೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡಬೇಕೆಂದು ನಾನೂ ಹೇಳುವುದಿಲ್ಲ.

ತೊಡೆಯ ಮೇಲಿದ್ದದ್ದು ಮೇಜಾಗಿ ನಾಲ್ಕು ಕಾಲು ಮೂಡಿಸಿಕೊಂಡದ್ದು ಅಮೆರಿಕದಲ್ಲಿ. ಕಾರಣ ಸರಳ. ನೆಟ್ಟಗಿನ ಉಕ್ಕಿನ ತುಂಡನ್ನು ಜಾರಿಸಿದರೆ ಎಲ್ಲ ತಂತಿಗಳೂ ಒಟ್ಟಿಗೇ ಜಾರುತ್ತವೆ. ಒಂದು ತಂತಿ ನಿಂತಲ್ಲೇ ನಿಂತು ಪಕ್ಕದ್ದು ಮಾತ್ರ ಏರಬೇಕೆಂದರೆ ಕೈಯಿಂದ ಆಗದ ಕೆಲಸ. ಅದಕ್ಕೆ ಪೆಡಲ್ ಬಂತು. ಮೊದಮೊದಲು ಪೆಡಲನ್ನು ಶ್ರುತಿ ಬದಲಿಸಲಿಕ್ಕೆ, ಅದೂ ಕೇಳುವವರಿಗೆ ಗೊತ್ತಾಗದಂತೆ ಒತ್ತುತ್ತಿದ್ದರಂತೆ. 1954ರಲ್ಲಿ ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ ಎಂಬ ಹಾಡು ಹೆಸರು ಮಾಡಿತು. ಅದರಲ್ಲಿ ಬಡ್ ಐಸಾಕ್ಸ್ ಎಂಬಾತ ತಂತಿ ಮೊಳಗುತ್ತಿರುವಾಗಲೇ ಪೆಡಲ್ ತುಳಿದಿದ್ದ. ಒಂದು ಸ್ವರ ಅಲ್ಲೇ ನಿಂತಿದೆ, ಇನ್ನೊಂದು ಅದರ ಪಕ್ಕದಿಂದ ಅಳುತ್ತಾ ಮೇಲೆ ಹೋಗುತ್ತಿದೆ! ಆಮೇಲೆ ಅಲ್ಲಿನ ಸಂಗೀತದ ಊರಾದ ನ್ಯಾಶ್‌ವಿಲ್‌ನ ಪ್ರತಿಯೊಬ್ಬ ಸ್ಟೀಲ್ ವಾದಕನೂ ಪೆಡಲ್ ಹುಡುಕಿಕೊಂಡು ಓಡಿದ.

ಆದರೆ ಪಾದ ಎಷ್ಟಿವೆ? ಎರಡೇ. ಬಲಗಾಲು ದನಿ ನೋಡಿಕೊಳ್ಳುತ್ತದೆ, ಎಡಗಾಲು ಮೂರು ಪೆಡಲ್‌ಗಳ ನಡುವೆ ಓಡಾಡುತ್ತದೆ. ಇನ್ನು ಆಸೆಗೆ ಕೊನೆ ಎಲ್ಲಿ? ಕೈ ಮುಗಿಯಿತು, ಪಾದ ಮುಗಿಯಿತು. ಸುಮ್ಮನೆ ಕೂತಿದ್ದ ಮೊಣಕಾಲುಗಳ ಮೇಲೆ ಆಗ ಕಣ್ಣು ಬಿತ್ತು.

ಈಗ ಲೆಕ್ಕ ಹಾಕಿ. ಕೂತವನ ಮೊಣಕಾಲು ಎಡಕ್ಕೆ ಹೋಗಬಲ್ಲದು, ಬಲಕ್ಕೆ ಹೋಗಬಲ್ಲದು, ಹಿಮ್ಮಡಿ ಎತ್ತಿದರೆ ಮೇಲಕ್ಕೂ ಹೋಗಬಲ್ಲದು. ಕೆಳಕ್ಕೆ ಮಾತ್ರ ಇಲ್ಲ. ಒಂದು ಕಾಲಿಗೆ ಮೂರು ದಿಕ್ಕು, ಎರಡಕ್ಕೆ ಆರು. ಸಾಮಾನ್ಯವಾಗಿ ನಾಲ್ಕೋ ಐದೋ ಲಿವರ್ ಇರುತ್ತವೆ: ಎಡಗಾಲಿಗೆ ಮೂರು, ಬಲಗಾಲಿಗೆ ಎರಡು. ಬಲಗಾಲಿನ ಮೇಲ್ದಿಕ್ಕು ಬಹುಪಾಲು ಖಾಲಿ. ಇನ್ನೂ ಬೇಕು ಎನ್ನುವವರು ಆ ಖಾಲಿ ಜಾಗಕ್ಕೊಂದು ಹಾಕಿಸುತ್ತಾರೆ, ಇಲ್ಲವೇ ಇದ್ದದ್ದರ ಪಕ್ಕದಲ್ಲೇ ಜೋಡಿಯಾಗಿ ಮತ್ತೊಂದನ್ನು ಕೂರಿಸುತ್ತಾರೆ.

ಹಾಕಿಸುವುದೇನೋ ಸುಲಭ. ಎಲ್ಲಿ ಹಾಕಿಸಬೇಕು ಎಂಬಲ್ಲಿ ಜಗಳ. ಯಾಕೆಂದರೆ ಪಾದ ಮತ್ತು ಮೊಣಕಾಲು ಬೇರೆ ಬೇರೆ ಮನೆಯವರಲ್ಲ. ಪಾದವನ್ನು ಎಡತುದಿಯ ಪೆಡಲ್ ಕಡೆ ವಾಲಿಸಿದರೆ ಮೊಣಕಾಲೂ ಎಡಕ್ಕೆ ವಾಲುತ್ತದೆ. ಆದ್ದರಿಂದ ಆ ಪೆಡಲ್ ಜೊತೆ ಬೇಕಾಗುವ ಲಿವರ್ ಎಡಗಡೆಯೇ ಇರಬೇಕು. ಬಲಗಡೆ ಇಟ್ಟರೆ ಪಾದ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ ಎಳೆದಾಡಿ, ನಡುವೆ ಸಿಕ್ಕಿದ ಮೀನಖಂಡ ಪ್ರಾಣ ಬಿಡುತ್ತದೆ. ಬಡ್ಡಿ ಎಮನ್ಸ್ ಎಂಬ ಮಹಾ ವಾದಕ ಪೆಡಲ್‌ಗಳನ್ನು ಒಂದು ಕ್ರಮದಲ್ಲಿ ಇಟ್ಟುಕೊಂಡ, ಅವನ ಕಾಲದವನೇ ಆದ ಜಿಮ್ಮಿ ಡೇ ಅದನ್ನೇ ತಿರುಗುಮುರುಗು ಇಟ್ಟುಕೊಂಡ. ಇವತ್ತಿಗೂ ವಾದ್ಯ ಕೊಳ್ಳಲು ಹೋದವನು ‘ಎಮನ್ಸೋ ಡೇಯೋ’ ಎಂದು ಮೊದಲೇ ತೀರ್ಮಾನಿಸಬೇಕು. ಶಿಷ್ಯಂದಿರು ಎರಡು ಮಠಗಳಾಗಿ ಒಡೆದಿದ್ದಾರೆ ಎಂದು ನಾನು ಹೇಳಿದರೆ ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ. ನಮ್ಮ ಕಡೆ ಇದಕ್ಕಿಂತ ಸಣ್ಣ ಕಾರಣಕ್ಕೆ ಮಠ ಒಡೆದದ್ದುಂಟು.

ಇಷ್ಟೆಲ್ಲ ಸರ್ಕಸ್ಸಿನ ಲಾಭವೇನು ಅಂತೀರಾ? ಅಳಿಯ ಒಂದು ಉದಾಹರಣೆ ಕೊಟ್ಟ. ಪಾಶ್ಚಾತ್ಯರ ಜಿ ಮೇಜರ್ ಎಂಬ ಸ್ವರಗುಚ್ಛವನ್ನು 3ನೇ ಮೆಟ್ಟಿನಲ್ಲಿ ಏನೂ ತುಳಿಯದೆ ನುಡಿಸಬಹುದು. 6ನೇ ಮೆಟ್ಟಿನಲ್ಲಿ ಒಂದು ಪೆಡಲ್ ತುಳಿದು ಎಡಮೊಣಕಾಲನ್ನು ಎಡಕ್ಕೆ ತಳ್ಳಿದರೆ ಅದೇ ಗುಚ್ಛ. 10ನೇ ಮೆಟ್ಟಿನಲ್ಲಿ ಎರಡು ಪೆಡಲ್ ತುಳಿದರೆ ಮತ್ತೆ ಅದೇ. “ಅದಾ ಸ್ವರಕ್ಕ ಮೂರು ಮನಿ ಯಾಕಪ್ಪಾ?” ಎಂದರು ಮಾಸ್ತರು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಸಂಗೀತ ಇರುವುದು ಎಂದು ಅಳಿಯ ಏನೋ ದೊಡ್ಡ ಮಾತು ಹೇಳಿದ. ಮಾಸ್ತರು ತಲೆಯಾಡಿಸಿದರು, ಒಪ್ಪಿಯಲ್ಲ, ಎಲೆಅಡಿಕೆ ಬಾಯಲ್ಲಿತ್ತು.

ಮೊಣಕಾಲನ್ನು ಕೆಲಸಕ್ಕೆ ಹಚ್ಚಿದವರಲ್ಲಿ ಅಮೆರಿಕದವರೇ ಮೊದಲಿಗರೇನಲ್ಲ. 1777ರ ಅಕ್ಟೋಬರಿನಲ್ಲಿ ಮೊಝಾರ್ಟ್ ಆಗ್ಸ್‌ಬರ್ಗಿನಿಂದ ಅಪ್ಪನಿಗೆ ಬರೆದ ಕಾಗದದಲ್ಲಿ ಸ್ಟೈನ್ ಎಂಬಾತ ಮಾಡುತ್ತಿದ್ದ ಪಿಯಾನೋಗಳನ್ನು ಹೊಗಳುತ್ತ, ಮೊಣಕಾಲಿನಿಂದ ಒತ್ತುವ ಯಂತ್ರವನ್ನು ಇವನಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ, ಹೀಗೆ ಮುಟ್ಟಿದರೆ ಹಾಗೆ ಕೆಲಸ ಮಾಡುತ್ತದೆ ಎಂದಿದ್ದಾನೆ. ಆಮೇಲೆ ಪಿಯಾನೋಗಳಿಗೆ ಪೆಡಲ್ ಬಂದು ಮೊಣಕಾಲಿನ ನೌಕರಿ ಹೋಯಿತು. 19ನೇ ಶತಮಾನದಲ್ಲಿ ಅದು ಹಾರ್ಮೋನಿಯಂ ಕೆಳಗೆ ಮತ್ತೆ ಕೆಲಸಕ್ಕೆ ಸೇರಿತು. ಯುರೋಪು, ಅಮೆರಿಕದ ತುಳಿಯುವ ರೀಡ್ ವಾದ್ಯಗಳಲ್ಲಿ ಮೊಣಕಾಲಿಗೆ ಎರಡು ಹಲಗೆ ಇರುತ್ತಿದ್ದವು. ಒಂದನ್ನು ತಳ್ಳಿದರೆ ಒಳಗಿನ ಕದ ತೆರೆದು ದನಿ ಉಬ್ಬುತ್ತದೆ, ಇನ್ನೊಂದನ್ನು ತಳ್ಳಿದರೆ ಎಲ್ಲ ಸಾಲಿನ ರೀಡುಗಳೂ ಒಟ್ಟಿಗೆ ಬಾಯಿ ಬಿಡುತ್ತವೆ.

ಹಾರ್ಮೋನಿಯಂ ಎಂದ ಕೂಡಲೇ ಮಾಸ್ತರ ಬಾಯಿಂದ ಎಲೆಅಡಿಕೆ ಹೊರಗೆ ಬಂತು. ನಾಟಕ ಕಂಪನಿಗಳಲ್ಲಿ ಮೆರೆದದ್ದು ಲೆಗ್ ಹಾರ್ಮೋನಿಯಂ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಕೈಪೇಟಿ ಮಾಡಿ ಇಡೀ ದೇಶವನ್ನು ನೆಲದ ಮೇಲೆ ಕೂರಿಸಿದರೂ, ರಂಗದ ಮುಂದಿನ ಮಾಸ್ತರು ಕುರ್ಚಿ ಬಿಡಲಿಲ್ಲ. ಎರಡೂ ಪಾದ ಒಂದರ ನಂತರ ಒಂದು ತುಳಿಯಬೇಕು. ಆಗ ಎರಡೂ ಕೈ ಬಿಡುವು. ಒಂದು ಕೈಯಲ್ಲಿ ಹಾಡು, ಇನ್ನೊಂದು ಕೈಯಲ್ಲಿ ಅದಕ್ಕೆ ಆಸರೆ, ಕಣ್ಣು ನಟನ ಮೇಲೆ, ಗಲ್ಲ ಎತ್ತಿದರೆ ತಬಲಾದವನಿಗೆ ಸನ್ನೆ. ಬಳ್ಳಾರಿ ನಾಟಕದ ಊರಲ್ಲವೇ? ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನೀ ಸಭಾ ಕಟ್ಟಿದ್ದು ಇಲ್ಲೇ, ಅವರ ಸೋದರಳಿಯ, ನಟ ಬಳ್ಳಾರಿ ರಾಘವ ಬೆಳೆದದ್ದೂ ಇಲ್ಲೇ. ಸುಭದ್ರಮ್ಮ ಮನ್ಸೂರು ರಂಗಗೀತೆ ಎತ್ತಿಕೊಂಡರೆ ಮೈಕು ಬೇಕಿರಲಿಲ್ಲ ಎನ್ನುತ್ತಾರೆ ಮಾಸ್ತರು. ಅಂಥ ಗಂಟಲಿಗೆ ಸಾಥ್ ಕೊಡಬೇಕಾದರೆ ಪಾದದಲ್ಲಿ ದಮ್ಮು ಇರಬೇಕು.

ಮಾಸ್ತರ ಲೆಗ್ ಹಾರ್ಮೋನಿಯಂ ಈಗಲೂ ಅವರ ಪಡಸಾಲೆಯಲ್ಲಿದೆ. ಪೆಡಲಿನಿಂದ ತಿದಿಗೆ ಹೋಗುವ ಪಟ್ಟಿ ಹರಿದು, ಅಲ್ಲಿ ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದ್ದಾರೆ. ರಬ್ಬರು ಹಿಗ್ಗುವುದರಿಂದ ತುಳಿದದ್ದಕ್ಕೂ ದನಿ ಬರುವುದಕ್ಕೂ ನಡುವೆ ಸ್ವಲ್ಪ ಸಾವಕಾಶ. ಎಡಪೆಡಲಿನ ಮೇಲೆ ಹೆಬ್ಬೆರಳಿನ ಜಾಗ ಸವೆದು ಗುಳಿ ಬಿದ್ದಿದೆ. ಬಲಪೆಡಲ್ ಹೊಸದರಂತಿದೆ. “ಬಲಗಾಲಿಗೆ ತಾಳ ಹಾಕೋ ಚಟ. ಎಡಗಾಲೇ ದುಡೀತಿತ್ತು” ಅನ್ನುತ್ತಾರೆ.

ಈ ಹಾರ್ಮೋನಿಯಂಗೆ ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಹಾಕಿತ್ತು ಎಂಬುದನ್ನು ಹೊಸ ತಲೆಮಾರು ನಂಬುವುದಿಲ್ಲ. ಮೀಂಡ್ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಿಕ್ಕೆ ಆಗುವುದಿಲ್ಲ ಎಂಬುದು ಅದರ ಮೇಲಿದ್ದ ದೊಡ್ಡ ದೂರು. ವಿಚಿತ್ರ ನೋಡಿ. ಇಲ್ಲಿ ಜಾರದ ಪೇಟಿಗೆ ಶಿಕ್ಷೆ. ಅಲ್ಲಿ ಬರೀ ಜಾರುವುದನ್ನೇ ಕಲಿತ ಗಿಟಾರಿಗೆ, ಒಂದಿಷ್ಟು ತಂತಿಯಾದರೂ ಜಾರದೆ ನಿಲ್ಲಲಿ ಎಂದು ಮೇಜಿನ ಅಡಿ ಕಬ್ಬಿಣದ ಅಂಗಡಿ!

ಜಾರುವ ಗಿಟಾರು ನಮ್ಮಲ್ಲಿಗೂ ಬಂತು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು, 1967ರ ‘ಕಾಲ್ ಆಫ್ ದಿ ವ್ಯಾಲಿ’ ರೆಕಾರ್ಡಿನಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ಕೇಳಿಬರುವುದು ಅವರೇ. ವಿಶ್ವಮೋಹನ್ ಭಟ್ಟರು ಅದನ್ನು ಮೋಹನವೀಣೆ ಮಾಡಿ 1994ರಲ್ಲಿ ಗ್ರ್ಯಾಮಿ ಪಡೆದರು. ಇವರ್ಯಾರೂ ಪೆಡಲ್ ಹಾಕಿಸಲಿಲ್ಲ, ಮೊಣಕಾಲಿಗೆ ತೊಂದರೆ ಕೊಡಲಿಲ್ಲ. ಬದಲಿಗೆ ಚಿಕಾರಿ ತಂತಿ, ತರಬ್ ತಂತಿ ಎಂದು ತಂತಿ ಕೂಡಿಸುತ್ತ ಹೋದರು. ನನಗನ್ನಿಸುವುದು ಇಷ್ಟೇ: ಆಸೆ ಹೆಚ್ಚಾದಾಗ ಅಮೆರಿಕದವರು ಲಿವರ್ ಕೂಡಿಸುತ್ತಾರೆ, ನಾವು ತಂತಿ ಕೂಡಿಸುತ್ತೇವೆ. ಚಕ್ಕಳಮಕ್ಕಳ ಹಾಕಿ ಕೂರುವ ದೇಶದಲ್ಲಿ ಮೊಣಕಾಲು ಸಂಗೀತಕ್ಕೆ ಸಿಗುವುದಾದರೂ ಹೇಗೆ ಹೇಳಿ?

ಹಾಗಂತ ನಮ್ಮ ಮೊಣಕಾಲು ಲಿವರ್ ಕಂಡೇ ಇಲ್ಲ ಎಂದುಕೊಳ್ಳಬೇಡಿ. ಈ ಚರ್ಚೆ ನಡೆದಾಗ ಎದುರುಮನೆಯ ಹುಡುಗಿ ಬಳ್ಳಾರಿಯಿಂದ ಬಸ್ಸಿಳಿದು ಬಂದಳು. ಅಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಅವಳಿಗೆ ಕೆಲಸ. ಮೊಬೈಲಿನಲ್ಲಿ ಇಣುಕಿ ನೋಡಿ, “ಇದು ನಮ್ಮ ಮಿಷನ್ನಿಗೂ ಐತಲ್ಲ ಮಾವಾ” ಅಂದಳು. ಕಾರ್ಖಾನೆಯ ಹೊಲಿಗೆ ಯಂತ್ರದ ಅಡಿಯಲ್ಲಿ ಬಲಮೊಣಕಾಲಿಗೊಂದು ಲಿವರ್. ಅದನ್ನು ಪಕ್ಕಕ್ಕೆ ತಳ್ಳಿದರೆ ಬಟ್ಟೆಯನ್ನು ಒತ್ತಿ ಹಿಡಿದ ಫೂಟು ಮೇಲೇಳುತ್ತದೆ. ಜೀನ್ಸ್ ಬಟ್ಟೆ ದಪ್ಪ, ಪದರದ ಮೇಲೆ ಪದರ ಬಂದಲ್ಲಿ ಎರಡೂ ಕೈಯಲ್ಲಿ ಬಿಗಿಹಿಡಿದು ತಿರುಗಿಸಬೇಕು, ಕೈ ಬಿಟ್ಟರೆ ಹೊಲಿಗೆ ಸೊಟ್ಟ. ಪಾದ ಮೋಟಾರಿನ ಪೆಡಲ್ ಮೇಲಿರುತ್ತದೆ. ಉಳಿದದ್ದು ಮೊಣಕಾಲೇ. ಲಿವರಿನ ತುದಿಯ ಮೆತ್ತೆ ಚುಚ್ಚುತ್ತದೆಂದು ಅವಳು ಜೀನ್ಸ್ ಚೂರನ್ನೇ ನಾಲ್ಕು ಸುತ್ತು ಸುತ್ತಿಕೊಂಡಿದ್ದಾಳಂತೆ. ಮನೆಯಲ್ಲಿ ಅಮ್ಮನ ಹಳೇ ಮಿಷನ್ ಮುಂದೆ ಕೂತರೆ ಕಾಲು ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಹೋಗಿ ಲಿವರ್ ಹುಡುಕುತ್ತದಂತೆ. “ಇಲ್ಲ ಅಂತ ಗೊತ್ತು, ಆದ್ರೂ ಹೋಗತೈತಿ” ಎಂದು ನಕ್ಕಳು.

ಅಳಿಯನಿಗೆ ಅವಳ ಮಾತಿನಿಂದ ಹುರುಪು ಬಂದು ವಾದ್ಯವನ್ನು ಬೋರಲು ಹಾಕಿದ ಫೋಟೋ ತೋರಿಸಿದ. ಅಡ್ಡಡ್ಡ ಸರಳು, ಉದ್ದುದ್ದ ಕಂಬಿ, ಸ್ಪ್ರಿಂಗು, ಕೊನೆಯಲ್ಲಿ ಶ್ರುತಿ ಮಾಡಲು ನೈಲಾನ್ ನಟ್ಟುಗಳು. ಪ್ರತಿ ಲಿವರೂ ಒಂದು ಅಡ್ಡಸರಳನ್ನು ತಿರುಗಿಸುತ್ತದೆ, ಅದು ಕಂಬಿ ಎಳೆಯುತ್ತದೆ, ಕಂಬಿ ತಂತಿಯ ಬುಡವನ್ನು ಜಗ್ಗುತ್ತದೆ ಅಥವಾ ಸಡಿಲಿಸುತ್ತದೆ. ಒಂದು ಲಿವರ್ ಹೆಚ್ಚಿಸಿದರೆ ಒಂದು ಸರಳು, ಎರಡು ಮೂರು ಕಂಬಿ ಹೆಚ್ಚಾಯಿತು. ಒಂದಕ್ಕೊಂದು ತಗಲದಂತೆ ತೂರಿಸಬೇಕು. ಕಟ್ಟೆಯ ಮೂಲೆಯಲ್ಲಿದ್ದ ರೈತರೊಬ್ಬರು, “ಕೊಂಡಿ ಜಾಸ್ತಿ ಇದ್ದಷ್ಟೂ ಕಡಿಯೋದೂ ಜಾಸ್ತಿ” ಎಂದರು. ಅವರ ತಲೆಯಲ್ಲಿ ಗಿಟಾರು ಇರಲಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು ಕೊಚ್ಚಿಹೋದದ್ದು ಅವರ ತಲೆಯಲ್ಲಿತ್ತು. ಕಾಲುವೆ ನೀರು ನಂಬಿ ಭತ್ತ ಹಚ್ಚುವ ಕುರುಗೋಡು, ಸಿರುಗುಪ್ಪದ ಯಾರ ಮುಂದೆಯೂ ಚೈನು, ಕೊಂಡಿ ಎಂಬ ಮಾತನ್ನು ಹಗುರವಾಗಿ ಆಡಬಾರದು. ಅಲ್ಲಿಂದ ಮಾತು ಭತ್ತಕ್ಕೆ ಹೋಯಿತು, ಭತ್ತದಿಂದ ಮೆಣಸಿನಕಾಯಿಗೆ, ಮೆಣಸಿನಕಾಯಿಂದ ಬ್ಯಾಡಗಿ ಮಾರುಕಟ್ಟೆಗೆ, ಲಾರಿ ಬಾಡಿಗೆಗೆ. ಅಷ್ಟರಲ್ಲಿ ಒಗ್ಗರಣಿ, ಮಿರ್ಚಿ ಬಂದದ್ದರಿಂದ ಮಾತು ಪೂರ್ತಿ ನಿಂತಿತು.

ಮಿರ್ಚಿ ಮುಗಿಸಿ ಕೈ ಒರೆಸಿಕೊಂಡ ಮಾಸ್ತರು ಗಿಟಾರನ್ನು ಮರೆತಿರಲಿಲ್ಲ. “ನನ್ನ ಪೇಟಿಗೂ ಒಂದು ಲಿವರ್ ಕೂರಿಸಾಕ ಬರತೈತೇನೋ?” ಎಂದು ಅಳಿಯನನ್ನು ಕೇಳಿದರು.

“ಏನ್ ಮಾಡಬೇಕ್ರೀ ಅದು? ದನಿ ಉಬ್ಬಬೇಕಾ?”

“ದನಿ ನಂದು ನಾ ನೋಡ್ಕಂತೀನಿ. ಬಯಲಾಟದಾಗ ಸಾರಥಿ ಬಂದು ಮಾತಿಗೆ ನಿಂತ ಅಂದ್ರ ನಿಲ್ಲಂಗಿಲ್ಲ, ಬೆಳಕು ಹರೀತೈತಿ, ನನ್ನ ಹಾಡು ಹಂಗೇ ಉಳೀತಾವ. ತಳ್ಳಿದ್ರ ಅವನ ಮೈಕ್ ಬಂದಾಗಬೇಕು.”

ಅಳಿಯ ಗಂಭೀರವಾಗಿ ಮಾಸ್ತರ ಕಾಲು ನೋಡಿ, “ಬಲಗಾಲಿನ ಮೇಲ್ದಿಕ್ಕು ಖಾಲಿ ಐತ್ರಿ, ಅಲ್ಲಿ ಹಾಕಬಹುದು” ಎಂದ. ಮಾಸ್ತರು ಕೂತಲ್ಲೇ ಬಲಮೊಣಕಾಲನ್ನು ಮೇಲಕ್ಕೆತ್ತಿ ನೋಡಿದರು. ಆಮೇಲೆ, ಎಡಗಾಲಿಗೇ ಹಾಕು ಅಂದರು.