ಆಕಾಶದ ಕಸಕ್ಕೆ ಒಬ್ಬ ಮೇಷ್ಟರು

ಕಸದ ವಿಚಾರದಲ್ಲಿ ನಮ್ಮ ವಿಜಯನಗರದವರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಹಸಿ ಕಸ ಯಾವುದು, ಒಣ ಕಸ ಯಾವುದು ಎಂಬ ಸೂಕ್ಷ್ಮ ನಮಗೆಲ್ಲ ಕರಗತವಾಗಿದೆ. ಆದರೆ ಭೂಮಿಯಿಂದ ಐನೂರು, ಎಂಟುನೂರು ಕಿಲೋಮೀಟರು ಮೇಲೆಯೂ ಒಂದು ಕಸದ ರಾಶಿ ಇದೆಯೆಂದೂ, ಅದರ ಮೇಲೆ ಕಣ್ಣಿಟ್ಟು ಕಾಯುವ ಕಚೇರಿ ರಾಜಾಜಿನಗರದ ಆಚೆ, ಪೀಣ್ಯದಲ್ಲೇ ಇದೆಯೆಂದೂ ನನಗೆ ತಿಳಿದದ್ದು ಈಚೆಗೆ. ಅದೂ ಒಂದು ಜಾಹೀರಾತಿನ ದೆಸೆಯಿಂದ.

ನಮ್ಮ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನವರು ಅಧ್ಯಾಪಕರು ಬೇಕೆಂದು ಪ್ರಕಟಿಸಿದ್ದರು. ವಿಭಾಗ ಏರೋಸ್ಪೇಸ್, ವಿಶೇಷ ವಿಷಯ, ಅಂತರಿಕ್ಷವನ್ನು ಕೆಡಿಸದೆ ಬಳಸುವ ವಿದ್ಯೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದರಿಂದ ಆಗಬೇಕಾದ್ದೇನು ಎಂದು ನೀವು ಕೇಳಬಹುದು. ನನ್ನ ತಂಗಿಯ ಮಗಳು ಅದೇ ಶಾಸ್ತ್ರದಲ್ಲಿ ಎಂ.ಟೆಕ್. ಮಾಡಿಕೊಂಡಿದ್ದಾಳೆ. "ಅರ್ಜಿ ಹಾಕಲೋ ಬೇಡವೋ, ಮಾವ?" ಎಂದು ಅವಳು ಕೇಳಿದಳು. ಮೇಷ್ಟರ ಕೆಲಸ ಒಳ್ಳೆಯದು ಎಂದು ಹೇಳುವುದಕ್ಕೆ ನನಗೆ ಬಾಯಿದೆ. ಹೇಳುವುದಕ್ಕೆ ಮುಂಚೆ ವಿಷಯವೇನೆಂದು ತಿಳಿಯಬೇಡವೇ? ಒಂದಷ್ಟು ಓದಿದೆ.

ಹತ್ತು ಸೆಂಟಿಮೀಟರಿಗಿಂತ ದೊಡ್ಡದಾದ ತುಂಡುಗಳೇ ಈಗ ೩೦,೦೦೦ಕ್ಕೂ ಹೆಚ್ಚು ಭೂಮಿಯನ್ನು ಸುತ್ತುತ್ತಿವೆಯಂತೆ. ಸತ್ತ ಉಪಗ್ರಹಗಳು, ಖಾಲಿ ರಾಕೆಟ್ಟುಗಳು, ಅವು ಸಿಡಿದ ಚೂರುಗಳು. ಒಂದೊಂದರ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರು. ಕೆಂಗೇರಿಯಿಂದ ಪೀಣ್ಯಕ್ಕೆ ಅಂಥ ಚೂರು ಎರಡೇ ಸೆಕೆಂಡಿನಲ್ಲಿ ಹೋಗಿ ಮುಟ್ಟೀತು. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ಹೋಗುವ ನಮಗೆ ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲೆತ್ತಿಡುವುದೂ ಆಗುವುದಿಲ್ಲ. ೨೦೦೯ರ ಫೆಬ್ರವರಿ ೧೦ರಂದು ಅಮೆರಿಕದ ಇರಿಡಿಯಂ ಉಪಗ್ರಹಕ್ಕೂ ಕೆಟ್ಟು ಬಿದ್ದಿದ್ದ ರಷ್ಯದ ಕಾಸ್ಮೋಸ್‌ಗೂ ಸೈಬೀರಿಯದ ಮೇಲೆ ಡಿಕ್ಕಿಯಾಗಿ ಎರಡೂ ಸಾವಿರಾರು ಚೂರಾದವು. ನಾವೇನೂ ಪೂರ್ತಿ ಮಡಿವಂತರಲ್ಲ. ೨೦೦೧ರಲ್ಲಿ ಹಾರಿದ ನಮ್ಮದೇ ಪಿ.ಎಸ್.ಎಲ್.ವಿ.ಯ ಕೊನೆಯ ಹಂತ ಅದೇ ವರ್ಷ ಕಕ್ಷೆಯಲ್ಲಿ ಸಿಡಿದು ನೂರಾರು ತುಂಡಾಯಿತು.

ತಿದ್ದಿಕೊಂಡದ್ದೂ ಉಂಟು. ೨೦೦೭ರಲ್ಲಿ ಹಾರಿದ ಕಾರ್ಟೊಸ್ಯಾಟ್-೨ನ್ನು ಹಾಗೇ ಬಿಟ್ಟಿದ್ದರೆ ತಾನಾಗಿ ಕೆಳಗಿಳಿಯುವುದಕ್ಕೆ ಮೂವತ್ತು ವರ್ಷ ಹಿಡಿಯುತ್ತಿತ್ತು. ಅದರಲ್ಲಿ ಉಳಿದಿದ್ದ ಇಂಧನವನ್ನೇ ಉರಿಸಿ ಕೆಳಗಿಳಿಸಿದರು. ೨೦೨೪ರ ಫೆಬ್ರವರಿ ೧೪ರಂದು ಅದು ಹಿಂದೂ ಮಹಾಸಾಗರದ ಮೇಲೆ ಕೊನೆಗೊಂಡಿತು. ಇಂಥ ಕೆಲಸಗಳಿಗೆಂದೇ ೨೦೨೨ರ ಜುಲೈಯಲ್ಲಿ ಪೀಣ್ಯದಲ್ಲಿ ಇಸ್ರೋದ ಒಂದು ಕೇಂದ್ರ ಉದ್ಘಾಟನೆಯಾಯಿತು. ೨೦೩೦ರ ಹೊತ್ತಿಗೆ ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಭಾರತದ ಯಾವ ಯಾನವೂ ಹೊಸ ಕಸ ಉಳಿಸಬಾರದೆಂದು ೨೦೨೪ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲೇ ಸಾರಿದರು. ಸಂಕಲ್ಪವೇನೋ ಆಯಿತು, ಇದನ್ನು ಬಲ್ಲ ಹುಡುಗರನ್ನು ತಯಾರು ಮಾಡುವವರು ಯಾರು?

ಪೀಣ್ಯಕ್ಕೆ ಈ ಪ್ರಶ್ನೆ ಹಳೆಯದು. ಉಡುಪಿಯ ಕಡೆಯ ಯು. ಆರ್. ರಾವ್ ಅವರು ಎಪ್ಪತ್ತರ ದಶಕದಲ್ಲಿ ಅಲ್ಲಿನ ಕಲ್ನಾರು ಶೀಟಿನ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿಸಿದಾಗ, ಜೊತೆಗಿದ್ದ ತರುಣರಲ್ಲಿ ಬಹುಮಂದಿ ಉಪಗ್ರಹವೆಂಬುದನ್ನು ಕಣ್ಣಿನಿಂದ ಕಂಡವರಲ್ಲ. ೩೬೦ ಕಿಲೋ ತೂಕದ ಅದು ೧೯೭೫ರ ಏಪ್ರಿಲ್ ೧೯ರಂದು ಹಾರಿತು. ಕಲಿಯುವುದೂ ಕಟ್ಟುವುದೂ ಒಂದೇ ಶೆಡ್ಡಿನಲ್ಲಿ ನಡೆದ ಕಾಲ ಅದು.

ಅದಕ್ಕೂ ಹಿಂದಕ್ಕೆ ಹೋದರೆ ಟಾಟಾ ಇನ್‌ಸ್ಟಿಟ್ಯೂಟು. ಅಲ್ಲಿ ೧೯೪೨ರಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆದಾಗ ಮುನ್ನಡೆಸಲು ಸಿಕ್ಕವರು ಜರ್ಮನಿಯಲ್ಲಿ ಪ್ರಾಂಟ್ಲರ ಕೈಕೆಳಗೆ ಕಲಿತು ಬಂದಿದ್ದ ಘಾಟಗೆ. ಅವರು ಆಮೇಲೆ ಹಿಂದೂಸ್ತಾನ್ ಏರ್‌ಕ್ರಾಫ್ಟಿಗೆ ಹೋಗಿ ಎಚ್.ಟಿ.-೨ ವಿಮಾನವನ್ನು ರೂಪಿಸಿದರು. ಕಾರ್ಖಾನೆಯವರು ಮೇಷ್ಟರನ್ನು ಸೆಳೆದುಕೊಳ್ಳುವುದು ಇವತ್ತಿನ ಮಾತೇನಲ್ಲ, ನೋಡಿ. ಆದರೆ ವಿಭಾಗ ಬರಿದಾಗಲಿಲ್ಲ. ೧೯೫೧ರಲ್ಲಿ ಸತೀಶ್ ಧವನ್ ಬಂದರು. ಅವರ ಶಿಷ್ಯ ರೊದ್ದಂ ನರಸಿಂಹ ಅಮೆರಿಕದಲ್ಲಿ ಓದಿ ೧೯೬೨ರಲ್ಲಿ ಅಲ್ಲೇ ಅಧ್ಯಾಪಕರಾದರು. ೧೯೭೨ರಲ್ಲಿ ಇಸ್ರೋವನ್ನು ವಹಿಸಿಕೊಳ್ಳಿ ಎಂದಾಗ ಧವನ್, ಸಂಸ್ಥೆಯ ನಿರ್ದೇಶಕ ಪದವಿಯನ್ನು ಬಿಡಲಾರೆ, ಕೇಂದ್ರ ಕಚೇರಿಯೂ ಬೆಂಗಳೂರಿಗೆ ಬರಬೇಕು ಎಂದು ಕರಾರು ಹಾಕಿದರು, ಎರಡೂ ನಡೆಯಿತು. ಒಬ್ಬ ಮನುಷ್ಯನ ಒಂದು ಕಾಲು ವಿದ್ಯಾಲಯದಲ್ಲಿ, ಇನ್ನೊಂದು ಕಾಲು ಕಾರ್ಯಾಲಯದಲ್ಲಿ ಇರಬಹುದೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

ಈಗಿನ ಜಾಹೀರಾತಿಗೆ ಬರೋಣ. ಸಂಬಂಧಪಟ್ಟ ಶಾಖೆಯಲ್ಲಿ ಬಿ.ಇ., ಎಂ.ಇ., ಎರಡರಲ್ಲೊಂದು ಪ್ರಥಮ ದರ್ಜೆ, ಡಾಕ್ಟರೇಟ್ ಇದ್ದವರಿಗೆ ಮೊದಲ ಮಣೆ, ಪ್ರಕಟಿತ ಪ್ರಬಂಧಗಳು. ತಪ್ಪೆನ್ನುವಂತಿಲ್ಲ. ಆದರೆ ಈ ವಿದ್ಯೆ ಒಂದು ಶಾಖೆಯ ಸೊತ್ತಲ್ಲ. ಕಕ್ಷೆಯ ಗಣಿತ ಬೇಕು, ರೇಡಾರು ಬೇಕು, ಸಂಭವನೀಯತೆಯ ಲೆಕ್ಕ ಬೇಕು. ಒಬ್ಬರ ಚೂರು ಇನ್ನೊಬ್ಬರ ಉಪಗ್ರಹಕ್ಕೆ ತಗಲಿದರೆ ದಂಡ ತೆರುವವರಾರು ಎಂಬುದಕ್ಕೆ ೧೯೬೭ರ, ೧೯೭೨ರ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಬಲ್ಲವರೂ ಬೇಕು. ನಮ್ಮ ಕಾಲೇಜಿನ ರಾಜ್ಯಶಾಸ್ತ್ರದವರು ಇಲ್ಲಿ ಸ್ವಲ್ಪ ಎದೆಯುಬ್ಬಿಸಬಹುದು.

ಬಸವೇಶ್ವರನಗರದಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಉಪಗ್ರಹಗಳ ಜಾಡು ಹಿಡಿಯುವುದರಲ್ಲೇ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ಹಿಂದೊಮ್ಮೆ ಬೇರೊಂದು ಕಾಲೇಜಿನಲ್ಲಿ ಇಂಥ ಕೆಲಸ ಖಾಲಿಯಿದ್ದಾಗ ಹೋಗಿದ್ದರಂತೆ. ಅವರ ಪದವಿ ಎಲೆಕ್ಟ್ರಾನಿಕ್ಸಿನದು, ಏರೋಸ್ಪೇಸಿನದಲ್ಲ, ಡಾಕ್ಟರೇಟ್ ಇಲ್ಲ. ಕಾಫಿ ಕೊಟ್ಟು ಕಳಿಸಿದರು. ಯು.ಜಿ.ಸಿ.ಯವರು ೨೦೨೨ರಲ್ಲೇ ಇಂಥವರಿಗಾಗಿ ಒಂದು ಬಾಗಿಲು ತೆರೆದಿದ್ದಾರೆ: ೧೫ ವರ್ಷದ ಅನುಭವವಿದ್ದರೆ ಡಾಕ್ಟರೇಟ್ ಇಲ್ಲದೆಯೂ ಪ್ರಾಧ್ಯಾಪಕರಾಗಿ ಕರೆಯಬಹುದು, ಒಟ್ಟು ಹುದ್ದೆಗಳಲ್ಲಿ ನೂರಕ್ಕೆ ಹತ್ತನ್ನು ಮೀರದಂತೆ. ಬಾಗಿಲಿದೆ, ಅಗುಳಿ ತೆಗೆಯುವವರು ಬೇಕು.

ಹುಡುಗಿಯನ್ನು ಅವರಲ್ಲಿಗೆ ಕರೆದುಕೊಂಡು ಹೋದೆ. ಅವರು ಹೇಳಿದ್ದಿಷ್ಟು: "ಡಿಕ್ಕಿ ಆಗುತ್ತೆ ಅಂತ ಲೆಕ್ಕ ಯಾವತ್ತೂ ಹೇಳೋದಿಲ್ಲಮ್ಮ. ಹತ್ತು ಸಾವಿರಕ್ಕೆ ಒಂದು ಪಾಲು ಆಗಬಹುದು ಅನ್ನುತ್ತೆ. ಸರಿಸಿದರೆ ಇಂಧನ ಹೋಯಿತು, ಉಪಗ್ರಹದ ಆಯಸ್ಸು ಅಷ್ಟು ಕಡಿಮೆ. ಸುಮ್ಮನಿದ್ದರೆ ರಾತ್ರಿ ನಿದ್ದೆ ಇಲ್ಲ. ಹುಡುಗರಿಗೆ ಕಲಿಸಬೇಕಾದ್ದು ಆ ರಾತ್ರೀನ."

ಸಂಬಳದ ಪ್ರಶ್ನೆಯೂ ಇತ್ತು. ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಮೂಲವೇತನ ೫೭,೭೦೦ ರೂಪಾಯಿಯಿಂದ ಮೊದಲಾಗಬೇಕು. ಖಾಸಗಿ ಕಾಲೇಜುಗಳಲ್ಲಿ ಎಲ್ಲ ಕಡೆಯೂ ಅಷ್ಟು ಕೈಗೆ ಬರುತ್ತದೆಂದು ನಾನು ಆಣೆಯಿಟ್ಟು ಹೇಳಲಾರೆ. ಇದೇ ಕಸವನ್ನು ಎಣಿಸುವ ಕಂಪೆನಿಗಳು ಊರಿನಲ್ಲೇ ಹುಟ್ಟಿವೆ, ಕೊಡುವುದು ಹೆಚ್ಚು. ತಂಗಿ ಕಂಪೆನಿಯ ಪಕ್ಷ. ಇಬ್ಬರನ್ನೂ ಒಟ್ಟಿಗೆ ನೇಮಿಸಲಿ ಎಂಬುದು ನನ್ನ ಪಕ್ಷ: ಹಲಗೆಯ ಮುಂದೆ ಹುಡುಗಿ ನಿಲ್ಲಲಿ, ಪಕ್ಕದ ಕುರ್ಚಿಯಲ್ಲಿ ಆ ಹಿರಿಯರು ಕೂತಿರಲಿ. ನನ್ನ ಪಕ್ಷವನ್ನು ಆ ಕಾಲೇಜಿನವರು ಕೇಳಿಲ್ಲ.

ಅವಳು ಅರ್ಜಿ ಹಾಕಿದ್ದಾಳೆ. ಭಾನುವಾರ ಬೆಳಗ್ಗೆ ಹಿರಿಯರ ಮನೆಗೆ ಪಾಠಕ್ಕೂ ಹೋಗುತ್ತಿದ್ದಾಳೆ. ಅವರು ತಮ್ಮ ಹಳೆಯ ಟಿಪ್ಪಣಿಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿಕೊಂಡಿದ್ದಾರೆ. ಕಾಲೇಜಿನವರು, ತಕ್ಕ ಅಭ್ಯರ್ಥಿಗಳು ಬಂದಿಲ್ಲವೆಂದು ಅರ್ಜಿಯ ಕೊನೆಯ ದಿನವನ್ನು ಎರಡನೆಯ ಸಲ ಮುಂದಕ್ಕೆ ಹಾಕಿದ್ದಾರೆ.