ವ್ಯಾಪಾರದ ಹೆಸರು, ವ್ಯಾಪಾರಿಯ ಮಾತು

ಅಂಗಡಿಯಲ್ಲಿ ಸರಕು ತಕ್ಕಡಿಗೆ ಏರುವ ಮೊದಲೇ ವ್ಯಾಪಾರಿಯ ಮಾತು ತೂಗಲ್ಪಟ್ಟಿರುತ್ತದೆ. ಕೊಳ್ಳಬಂದವನು ಸರಕಿನ ಒಳಗನ್ನು ಕಂಡಿರುವುದಿಲ್ಲ. ಮಾರುವವನ ಹೆಸರನ್ನು ನಂಬಿ ಹಣ ತೆರುತ್ತಾನೆ. ಈ ಹೆಸರೇ ಇಂದಿನ ವಾಣಿಜ್ಯ ಪರಿಭಾಷೆಯಲ್ಲಿ ‘ಬ್ರ್ಯಾಂಡ್’ ಎನಿಸಿಕೊಂಡಿದೆ. ಹಿಂದೆ ಇದು ಪೇಟೆಯಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಬಾಯಿಂದ ಬಾಯಿಗೆ ಸಾಗುತ್ತ ಒಂದೆರಡು ತಲೆಮಾರುಗಳ ಅವಧಿಯಲ್ಲಿ ಬೆಳೆಯುತ್ತಿತ್ತು. ಇಂದು ಅದನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮುಂತಾದ ಸಾಮಾಜಿಕ ಜಾಲತಾಣಗಳಲ್ಲಿ ಕೆಲವೇ ತಿಂಗಳುಗಳಲ್ಲಿ ಕಟ್ಟಿಬಿಡಬಹುದೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಹಾಗೆ ಕಟ್ಟಲು ಸಾಧ್ಯವೇ ಎಂಬುದು ವ್ಯಾಪಾರದ ಪ್ರಶ್ನೆ. ಹೇಗೆ ಕಟ್ಟಬೇಕು, ಏನನ್ನು ಬಿಟ್ಟು ಕಟ್ಟಬೇಕು ಎಂಬುದು ನೀತಿಯ ಪ್ರಶ್ನೆ. ಮೊದಲನೆಯದನ್ನು ಕುರಿತು ಪುಸ್ತಕಗಳೂ ತರಬೇತಿಗಳೂ ಹೇರಳವಾಗಿವೆ. ಎರಡನೆಯದನ್ನು ಕುರಿತ ಚಿಂತನೆ ವಿರಳ.

ಹೆಸರೊಂದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲಿ ದೂರ ಹುಡುಕಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತು, ಮರ ಇಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಆರಂಭವಾದ ಉದ್ಯಮದಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಅದರ ತಯಾರಿಕೆಯ ಹಿಂದೆ ದುಡಿದ ಎಸ್. ಜಿ. ಶಾಸ್ತ್ರಿಯವರಿಗೆ ಜನರೇ ‘ಸೋಪ್ ಶಾಸ್ತ್ರಿ’ ಎಂದು ಹೆಸರಿಟ್ಟರು. ಅಂಡಾಕಾರದ ಬಿಲ್ಲೆ, ಆನೆಯ ತಲೆಯೂ ಸಿಂಹದ ಮೈಯೂ ಇರುವ ಶರಭದ ಲಾಂಛನ, ಶ್ರೀಗಂಧದ ಎಣ್ಣೆಯ ಪರಿಮಳ, ಇಷ್ಟರಿಂದಲೇ ಆ ಸಾಬೂನು ಮನೆಮನೆಯ ಗುರುತಾಯಿತು. ಲಾಂಛನ ಓದಲು ಬಾರದವರಿಗೂ ಅರ್ಥವಾಗುತ್ತಿತ್ತು; ಪರಿಮಳ ಮೋಸಮಾಡುತ್ತಿರಲಿಲ್ಲ. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಅದೇ ಸಾಬೂನಿನ ವಿಷಯವಾಗಿ 2025ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ದೊಡ್ಡ ಚರ್ಚೆಯೊಂದು ನಡೆಯಿತು. ಸಾರ್ವಜನಿಕ ಸ್ವಾಮ್ಯದ ಸಂಸ್ಥೆಯು ಚಲನಚಿತ್ರ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಗಳ ಅವಧಿಗೆ 6.20 ಕೋಟಿ ರೂಪಾಯಿಗಳಿಗೆ ಪ್ರಚಾರ ರಾಯಭಾರಿಯಾಗಿ ನೇಮಿಸಿತು. ಕನ್ನಡದ ಕಲಾವಿದರನ್ನು ಏಕೆ ಆರಿಸಲಿಲ್ಲ ಎಂದು ಹಲವರು ಆಕ್ಷೇಪಿಸಿದರು. ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ತಲುಪುವುದು ಉದ್ದೇಶವೆಂದೂ, ಜಾಲತಾಣಗಳಲ್ಲಿ ಆಕೆಗೆ ಸುಮಾರು 2.8 ಕೋಟಿ ಅನುಯಾಯಿಗಳಿರುವುದನ್ನು ಗಮನಿಸಲಾಗಿದೆಯೆಂದೂ ಸರ್ಕಾರದ ಕಡೆಯಿಂದ ವಿವರಣೆ ಬಂದಿತು. ಆಯ್ಕೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ಅಳತೆಗೋಲಿನ ಬದಲಾವಣೆಯನ್ನು. ಶತಮಾನದ ಹಿಂದೆ ಪರಿಮಳದಿಂದ ಅಳೆಯುತ್ತಿದ್ದ ಹೆಸರನ್ನು ಈಗ ಅನುಯಾಯಿಗಳ ಸಂಖ್ಯೆಯಿಂದಲೂ ಅಳೆಯಲಾಗುತ್ತಿದೆ. ಆ ನೇಮಕದಲ್ಲಿ ಮರೆಯೇನೂ ಇರಲಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು, ಮೊತ್ತವೆಷ್ಟು ಎಂಬುದು ಬಹಿರಂಗವಾಗಿತ್ತು. ಆದ್ದರಿಂದಲೇ ಜನರು ಪ್ರಶ್ನಿಸಲು ಸಾಧ್ಯವಾಯಿತು. ಸಂಕಟವಿರುವುದು ಮರೆಯಿರುವಲ್ಲಿ.

ಪತ್ರಿಕೆಯ ಜಾಹೀರಾತನ್ನು ಓದುವವನಿಗೆ ಅದು ಜಾಹೀರಾತೆಂಬುದು ತಿಳಿದಿರುತ್ತದೆ. ಅವನು ಎಚ್ಚರದಿಂದಲೇ ಓದುತ್ತಾನೆ. ಜಾಲತಾಣದಲ್ಲಿ ಹಾಗಲ್ಲ. ಅಲ್ಲಿ ಅಕ್ಕನ ಮಗಳ ಮದುವೆಯ ಚಿತ್ರ, ಗೆಳೆಯನ ಪ್ರವಾಸದ ಚಿತ್ರ, ಸೀರೆಯಂಗಡಿಯ ಚಿತ್ರ ಒಂದರ ಕೆಳಗೊಂದು ಬರುತ್ತವೆ. ಸ್ನೇಹದ ಮಾತಿಗೂ ಮಾರಾಟದ ಮಾತಿಗೂ ನಡುವಿನ ಗೋಡೆ ತೆಳುವಾಗಿದೆ. ಈ ತೆಳುವನ್ನೇ ಬಂಡವಾಳ ಮಾಡಿಕೊಂಡ ಒಂದು ಪ್ರಸಂಗ ಅಮೆರಿಕದಲ್ಲಿ ನಡೆಯಿತು. 2015ರಲ್ಲಿ ಲಾರ್ಡ್ ಆ್ಯಂಡ್ ಟೇಲರ್ ಎಂಬ ಹಳೆಯ ಬಟ್ಟೆ ಮಳಿಗೆ ತನ್ನ ಹೊಸ ಉಡುಪೊಂದನ್ನು 50 ಮಂದಿ ಫ್ಯಾಷನ್ ಪ್ರಭಾವಿಗಳಿಗೆ ಉಚಿತವಾಗಿ ಕೊಟ್ಟು, ಅದನ್ನು ಧರಿಸಿದ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಲು ತಲಾ 1,000ದಿಂದ 4,000 ಡಾಲರುಗಳವರೆಗೆ ಹಣ ತೆತ್ತಿತು. ಹಣ ಪಡೆದ ಸಂಗತಿಯನ್ನು ತಿಳಿಸಬೇಕೆಂದು ಮಾತ್ರ ಅವರಿಂದ ಅಪೇಕ್ಷಿಸಲಿಲ್ಲ. ಚಿತ್ರಗಳು 1 ಕೋಟಿ 14 ಲಕ್ಷ ಜನರನ್ನು ತಲುಪಿದವು, ಉಡುಪುಗಳೆಲ್ಲ ಮಾರಾಟವಾಗಿಹೋದವು. 2016ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ವಂಚನೆಯೆಂದು ಆರೋಪಿಸಿ, ಮುಂದೆ ಹೀಗೆ ಮಾಡಕೂಡದೆಂಬ ಒಪ್ಪಂದಕ್ಕೆ ಮಳಿಗೆಯನ್ನು ಒಳಪಡಿಸಿತು. ಉಡುಪಿನಲ್ಲಿ ದೋಷವಿರಲಿಲ್ಲ. ಬೆಲೆಯಲ್ಲಿ ಮೋಸವಿರಲಿಲ್ಲ. ಹೇಳದೆ ಬಿಟ್ಟ ಒಂದೇ ಒಂದು ಮಾತು ಇಡೀ ಪ್ರಚಾರವನ್ನು ಅಸತ್ಯವಾಗಿಸಿತು.

ಇದಕ್ಕಿಂತಲೂ ಕೆಳಗಿನ ಮೆಟ್ಟಿಲುಗಳಿವೆ. ಡೆವುಮಿ ಎಂಬ ಸಂಸ್ಥೆ ಇಲ್ಲದ ಅನುಯಾಯಿಗಳನ್ನು ಸಾವಿರಗಟ್ಟಲೆಯಾಗಿ ಮಾರುತ್ತಿತ್ತು. ಕೊಂಡವರಲ್ಲಿ ನಟರು, ಕ್ರೀಡಾಪಟುಗಳು, ಲೇಖಕರೂ ಇದ್ದರು. ಸಂಡೇ ರೈಲಿ ಎಂಬ ಸೌಂದರ್ಯ ಸಾಧನಗಳ ಸಂಸ್ಥೆಯಲ್ಲಿ 2015ರಿಂದ 2017ರ ನಡುವೆ ನೌಕರರೇ ಸುಳ್ಳು ಹೆಸರುಗಳಿಂದ ತಮ್ಮ ಸರಕನ್ನು ಹೊಗಳಿ ವಿಮರ್ಶೆ ಬರೆಯುತ್ತಿದ್ದರು. ಹಾಗೆ ಬರೆಯುವಂತೆ ಮೇಲಿನಿಂದಲೇ ಸೂಚನೆಯಿತ್ತು. 2019ರ ಅಕ್ಟೋಬರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಈ ಎರಡೂ ಪ್ರಕರಣಗಳಲ್ಲಿ ಕೈಗೊಂಡ ಕ್ರಮವನ್ನು ಒಟ್ಟಿಗೇ ಪ್ರಕಟಿಸಿತು. ಕೊನೆಗೆ 2024ರಲ್ಲಿ ಆ ದೇಶದಲ್ಲಿ ಸುಳ್ಳು ವಿಮರ್ಶೆಗಳನ್ನು ಬರೆಯುವುದನ್ನೂ ಮಾರುವುದನ್ನೂ, ಸುಳ್ಳು ಅನುಯಾಯಿಗಳ ಕ್ರಯವಿಕ್ರಯವನ್ನೂ ನಿಷೇಧಿಸುವ ನಿಯಮ ಜಾರಿಗೆ ಬಂದಿತು.

ಇವೆಲ್ಲವೂ ಯಂತ್ರಯುಗದ ಹೊಸ ಪಾಪಗಳೆಂದು ತೋರಬಹುದು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳನ್ನು ನೋಡಿದರೆ, ಇವಾವುವೂ ಹೊಸವಲ್ಲವೆಂಬುದು ತಿಳಿಯುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಒಂದು: ಇನ್ನೊಬ್ಬರು ಹೇಳದೆ ಇರುವುದನ್ನು ಹೇಳಿದಂತೆ ಬರೆಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕವ್ಯವಹಾರ’ ಒಂದು: ಅಸಲಿನಂತೆಯೇ ಕಾಣುವ ನಕಲಿಯನ್ನು ಕೊಟ್ಟು ವ್ಯವಹರಿಸುವುದು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲ ಸಿಕ್ಕಿಬಿದ್ದು, ಸುಮಾರು 2 ಕೋಟಿ ರೂಪಾಯಿ ಬೆಲೆಯ ಸರಕು ವಶವಾಯಿತು. ಅದನ್ನು ಪ್ರತಿರೂಪಕವ್ಯವಹಾರವೆನ್ನಲು ಯಾರೂ ಹಿಂಜರಿಯರು. ಹಾಗಾದರೆ ಹಣಕ್ಕೆ ಕೊಂಡ ಹತ್ತು ಸಾವಿರ ಅನುಯಾಯಿಗಳು ಏನು? ಅಲ್ಲಿ ಸಾಬೂನಿನ ನಕಲು. ಇಲ್ಲಿ ಜನರ ನಕಲು. ಇದು ವಿಶ್ವಾಸದ ಪ್ರತಿರೂಪಕ.

ಈ ಪ್ರಶ್ನೆ ದೊಡ್ಡ ಸಂಸ್ಥೆಗಳದು ಮಾತ್ರವಲ್ಲ. ಹಾವೇರಿ ಜಿಲ್ಲೆಯ ಒಂದು ವರ್ತಕ ಮನೆತನ ಮೂರು ತಲೆಮಾರುಗಳಿಂದ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರದಲ್ಲಿದೆ. ಹೆಚ್ಚು ಖಾರವಿಲ್ಲದೆ ಕಡುಗೆಂಪು ಬಣ್ಣ ಕೊಡುವ, ಮೈಯೆಲ್ಲ ಸುಕ್ಕುಗಟ್ಟಿದ ಆ ಕಾಯಿಗೆ ಬಣ್ಣವೇ ಬೆಲೆ. ಮಗ ಓದು ಮುಗಿಸಿ ಬಂದು, ಖಾರದ ಪುಡಿಯನ್ನು ಮನೆತನದ ಹೆಸರಿನಲ್ಲೇ ಪೊಟ್ಟಣ ಕಟ್ಟಿ ಜಾಲತಾಣದ ಮೂಲಕ ಮಾರೋಣವೆಂದಾಗ ತಂದೆ ಸಂತೋಷದಿಂದಲೇ ಒಪ್ಪಿದರು. ಪ್ರಚಾರದ ಹೊಣೆ ಹೊತ್ತವರು ಮೂರು ಸಲಹೆ ಕೊಟ್ಟರು: ಆರಂಭಕ್ಕೆ ಹತ್ತು ಸಾವಿರ ಅನುಯಾಯಿಗಳನ್ನು ಕೊಳ್ಳುವುದು, ನೆಂಟರಿಷ್ಟರಿಂದ ಐದು ನಕ್ಷತ್ರದ ವಿಮರ್ಶೆ ಬರೆಸುವುದು, ಚಿತ್ರದಲ್ಲಿ ಪುಡಿಯ ಕೆಂಪನ್ನು ಸ್ವಲ್ಪ ಏರಿಸುವುದು.

ತಂದೆ ಮೂರನ್ನೂ ಬೇಡವೆಂದರು. ಮಗ ಬಿಡಲಿಲ್ಲ. “ಅಪ್ಪಾಜಿ, ಎಲ್ಲರೂ ಹೀಗೆಯೇ ಮಾಡುತ್ತಾರೆ. ನಾವು ಮಾಡದಿದ್ದರೆ ನಮ್ಮ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ.”

“ತಮ್ಮಾ, ಪುಡಿಗೆ ಬಣ್ಣ ಬೆರೆಸಿಲ್ಲವೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸುತ್ತೇವೆ. ಚಿತ್ರಕ್ಕೆ ಬೆರೆಸಿದ ಮೇಲೆ ಆ ಅಚ್ಚು ಯಾರಿಗೆ?”

“ಅಂಗಡಿಯ ಮುಂದಿನ ಚೀಲದಲ್ಲಿ ಒಳ್ಳೆಯ ಕಾಯಿಗಳನ್ನೇ ಮೇಲೆ ಹರಡುತ್ತೀರಲ್ಲ, ಅದೇನು?”

ತಂದೆ ಕ್ಷಣಕಾಲ ಮಾತನಾಡಲಿಲ್ಲ. ಅನಂತರ ಹೇಳಿದರು: “ಅದೂ ಅಷ್ಟೇನೂ ಒಳ್ಳೆಯದಲ್ಲ. ಆದರೆ ಬಂದವರು ಚೀಲದೊಳಗೆ ಕೈ ಹಾಕಿ ತಳದ ಕಾಯಿಯನ್ನು ತೆಗೆದು ನೋಡುತ್ತಾರೆ. ನಿನ್ನ ಚಿತ್ರದೊಳಗೆ ಯಾರು ಕೈ ಹಾಕಬಲ್ಲರು?”

ಈ ಉತ್ತರದಲ್ಲಿ ವಿಷಯದ ಮರ್ಮವೆಲ್ಲ ಅಡಗಿದೆ. ಸರಕನ್ನು ಅಂದವಾಗಿ ತೋರಿಸುವುದು ಎಲ್ಲ ಕಾಲದ ವ್ಯಾಪಾರಿಯ ಸಹಜ ಪ್ರವೃತ್ತಿ. ಕೊಳ್ಳುವವನಿಗೆ ಪರೀಕ್ಷಿಸುವ ಅವಕಾಶವಿರುವ ತನಕ ಅದಕ್ಕೊಂದು ಮಿತಿಯಿರುತ್ತದೆ. ಆ ಅವಕಾಶವಿಲ್ಲದ ಕಡೆಯಲ್ಲಿ ವ್ಯಾಪಾರಿಯ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ದಾರಿ ತೋರಿಸಿದವರು ಮನೆಯ ಸೊಸೆ. ಇರುವುದನ್ನೇ ಏಕೆ ತೋರಿಸಬಾರದೆಂದು ಅವರು ಕೇಳಿದರು. ಹಗಲಿನ ಬೆಳಕಿನಲ್ಲಿ, ಬಿಳಿಯ ಬಟ್ಟೆಯ ಮೇಲೆ ಪುಡಿಯನ್ನಿಟ್ಟು ಚಿತ್ರ ತೆಗೆಯಲಾಯಿತು. ಮಾರುಕಟ್ಟೆಗೆ ಚೀಲಗಳು ಬರುವುದು, ತೊಟ್ಟು ಬಿಡಿಸುವುದು, ಒಣಗಿಸುವುದು, ಬೀಸುವುದು ಎಲ್ಲವೂ ಸಣ್ಣ ಸಣ್ಣ ದೃಶ್ಯಗಳಾದವು. ತೊಟ್ಟು ಬಿಡಿಸುವ ಹೆಂಗಸರನ್ನು ಮೊದಲು ಕೇಳಿ, ಒಪ್ಪಿದವರನ್ನು ಮಾತ್ರ ಚಿತ್ರೀಕರಿಸಿದರು. ಪ್ರತಿ ಪೊಟ್ಟಣದ ಮೇಲೆ ಬೀಸಿದ ದಿನಾಂಕ ಬಂದಿತು. ಬೆಂಗಳೂರಿನ ಗಿರಾಕಿಯೊಬ್ಬರು ಪುಡಿಯ ಬಣ್ಣ ಮಾಸಿದೆಯೆಂದು ಎಲ್ಲರಿಗೂ ಕಾಣುವಂತೆ ದೂರು ಬರೆದಾಗ, ಅದನ್ನು ಅಳಿಸಿಹಾಕುವ ಆಲೋಚನೆ ಮಗನಿಗೆ ಬಾರದೆ ಇರಲಿಲ್ಲ. ವಿಚಾರಿಸಲಾಗಿ ಅದು ಹಿಂದಿನ ವರ್ಷದ ದಾಸ್ತಾನೆಂದು ತಿಳಿಯಿತು. ಹಣ ಹಿಂದಿರುಗಿಸಿ, ಕಾರಣವನ್ನು ದೂರಿನ ಕೆಳಗೇ ಬರೆದು, ದೂರನ್ನು ಹಾಗೆಯೇ ಉಳಿಸಿದರು.

ಇದರ ಫಲವೇನೆಂದು ಓದುಗರು ಕೇಳಬಹುದು. ಎರಡು ವರ್ಷಗಳ ಬಳಿಕವೂ ಅವರ ಅನುಯಾಯಿಗಳ ಸಂಖ್ಯೆ ಪ್ರತಿಸ್ಪರ್ಧಿಯ ಹತ್ತನೆಯ ಒಂದು ಪಾಲನ್ನು ಮುಟ್ಟಿರಲಿಲ್ಲ. ಸಂಖ್ಯೆಯನ್ನು ನೋಡಿಯೇ ಸರಕು ತರಿಸುವ ಸಗಟು ವ್ಯಾಪಾರಿಯೊಬ್ಬರು ದೀಪಾವಳಿಯ ದೊಡ್ಡ ಬೇಡಿಕೆಯನ್ನು ಬೇರೆಯವರಿಗೆ ಕೊಟ್ಟರು. ಅದು ನಿಜವಾದ ನಷ್ಟವೇ. ಸತ್ಯಕ್ಕೆ ಸದಾ ಲಾಭವೇ ದೊರೆಯುವುದೆಂದು ಹೇಳುವುದೂ ಒಂದು ಬಗೆಯ ಸುಳ್ಳು ಜಾಹೀರಾತು. ಆದರೆ ಒಮ್ಮೆ ಕೊಂಡ ಮನೆಗಳು ಮತ್ತೆ ಕೊಳ್ಳತೊಡಗಿದವು. ವಾಟ್ಸ್ಆ್ಯಪ್ ಮೂಲಕ ಬರುವ ಪತ್ರಗಳಲ್ಲಿ ಬೇಡಿಕೆಯೊಂದಿಗೆ ಕುಶಲಪ್ರಶ್ನೆಯೂ ಇರತೊಡಗಿತು. ಈ ಮಾಧ್ಯಮಗಳ ಯಂತ್ರವ್ಯವಸ್ಥೆಯಾದರೂ ಜನರು ನಿಂತು ನೋಡುವ, ಮಾತನಾಡುವ, ಇತರರಿಗೆ ಕಳುಹಿಸುವ ಸಂಗತಿಗಳನ್ನೇ ಹೆಚ್ಚು ಜನರ ಮುಂದೆ ಇಡುವಂತೆ ರಚಿತವಾಗಿದೆ. ಕೊಂಡ ಅನುಯಾಯಿ ನೋಡುವುದಿಲ್ಲ, ಕೇಳುವುದಿಲ್ಲ, ಅಡುಗೆ ಮಾಡುವುದಿಲ್ಲ.

ಭಾರತದಲ್ಲಿಯೂ ಕಾನೂನು ಎಚ್ಚೆತ್ತಿದೆ. 1985ರಲ್ಲಿ ಸ್ಥಾಪಿತವಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಜಾಲತಾಣದ ಪ್ರಭಾವಿಗಳಿಗೆ ಮಾರ್ಗಸೂಚಿ ಹೊರಡಿಸಿ, ಹಣ ಅಥವಾ ಉಡುಗೊರೆ ಪಡೆದ ಪ್ರಚಾರವನ್ನು ಪ್ರಚಾರವೆಂದೇ ಗುರುತಿಸಬೇಕೆಂದಿತು. 2020ರಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಪ್ರಚಾರ ಮಾಡಿದವರನ್ನು ಒಂದು ವರ್ಷದಿಂದ ಮೂರು ವರ್ಷಗಳವರೆಗೆ ದೂರವಿಡಬಹುದು. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಗ್ರಾಹಕರ ವಿಮರ್ಶೆಗಳ ಬಗೆಗೂ ಮಾನಕವೊಂದನ್ನು ಪ್ರಕಟಿಸಿತು. ಆದರೆ ಕಾನೂನು ಕಂಡದ್ದನ್ನು ಮಾತ್ರ ಶಿಕ್ಷಿಸುತ್ತದೆ. ಚಿತ್ರದ ಕೆಂಪನ್ನು ಎಷ್ಟು ಏರಿಸಿದರೆ ಅಪರಾಧವೆಂದು ಯಾವ ಕಾಯಿದೆಯೂ ಅಳೆದು ಹೇಳಲಾರದು. ಆ ಅಳತೆ ವ್ಯಾಪಾರಿಯ ಅಂತಃಕರಣದಲ್ಲೇ ಇರಬೇಕು.

ಇನ್ನೊಂದು ಹೊಣೆ ಮಾರುವವರದಲ್ಲ, ನೋಡುವವರದು. ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಹೇಳುವುದುಂಟು: ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಸುಳ್ಳು ವಿಮರ್ಶೆ ಬರೆದವನದು ಕೃತ, ಬರೆಸಿದವನದು ಕಾರಿತ, ನೆಂಟನ ಮಾತಿಗೆ ಕಟ್ಟುಬಿದ್ದು, ರುಚಿ ನೋಡದ ಪುಡಿಗೆ ಮೆಚ್ಚುಗೆಯ ಗುಂಡಿ ಒತ್ತಿದವನದು ಅನುಮೋದಿತ. ಬೆರಳ ತುದಿಯ ಒಂದು ಸ್ಪರ್ಶ ಇಷ್ಟು ಭಾರವಾದುದೇ ಎಂದು ನಗಬಹುದು. ಆದರೆ ಅಂತಹ ಸ್ಪರ್ಶಗಳನ್ನು ಎಣಿಸಿಯೇ ಅಪರಿಚಿತ ಗೃಹಿಣಿಯೊಬ್ಬಳು ತನ್ನ ಮಕ್ಕಳ ಊಟಕ್ಕೆ ಯಾವ ಪುಡಿ ಕೊಳ್ಳಬೇಕೆಂದು ನಿರ್ಧರಿಸುತ್ತಾಳೆ.

ಆದುದರಿಂದ ಹೆಸರು ಕಟ್ಟಲು ಹೊರಟವರು ಜಾಲತಾಣಕ್ಕೆ ಹೆದರಬೇಕಾಗಿಲ್ಲ. ಸಣ್ಣ ಊರಿನ ಪ್ರಾಮಾಣಿಕ ಸರಕನ್ನು ದೂರದೂರಿಗೆ ಮುಟ್ಟಿಸುವ ಇಂತಹ ಸಾಧನ ಹಿಂದೆ ಇರಲಿಲ್ಲ. ಆದರೆ ಪ್ರತಿಯೊಂದು ಚಿತ್ರವನ್ನು ಹಾಕುವ ಮೊದಲು, ಕೊಳ್ಳುವವನು ಎದುರಿಗೇ ನಿಂತು ಚೀಲದ ತಳಕ್ಕೆ ಕೈ ಹಾಕಿದರೆ ಈ ಮಾತು ಉಳಿದೀತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಉಳಿಯುವ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ದೋಷವಿಲ್ಲ.