ಮರದ ನೆಲಕ್ಕೆ ಮರುಸಂಸ್ಕಾರ

ಸಂಸ್ಕಾರವು ಎರಡು ವಿಧವೆಂದು ಶಾಸ್ತ್ರಕಾರರು ಹೇಳುವರು: ದೋಷವನ್ನು ಕಳೆಯುವುದೊಂದು, ಗುಣವನ್ನು ಕೂಡಿಸುವುದೊಂದು. ವಸ್ತುವಿನ ಮೈಯನ್ನೇ ಕೆತ್ತಿ ತೆಗೆಯುವುದು ಇವೆರಡರಲ್ಲಿ ಯಾವುದಕ್ಕೂ ಸೇರದು. ಬೆಂಗಳೂರಿನಲ್ಲಿ ನಮ್ಮ ಮಗಳ ಮನೆಯ ಮರದ ನೆಲವು ಕಳೆಗುಂದಿದಾಗ ಈ ಮಾತು ನಮ್ಮ ಉಪಯೋಗಕ್ಕೆ ಬಂದಿತು.

ಹನ್ನೆರಡು ವರ್ಷ ತುಳಿದ ನೆಲವದು. ಕುರ್ಚಿಗಳನ್ನು ಎಳೆದಲ್ಲೆಲ್ಲ ಗೀರು ಬಿದ್ದು, ಬಾಗಿಲ ಬಳಿ ಮೆರುಗು ಮಾಸಿತ್ತು. ನೋಡಲು ಬಂದ ಗುತ್ತಿಗೆದಾರನು, "ಯಂತ್ರ ಹಾಕಿ ಉಜ್ಜಿಬಿಡೋಣ ಸ್ವಾಮಿ, ಹೊಸದರ ಹಾಗಾಗುತ್ತೆ" ಎಂದನು. "ಒಪ್ಪಿಕೊಳ್ಳಲೇನಪ್ಪಾ?" ಎಂದು ಮಗಳು ಕೇಳಿದಳು. ಆ ನೆಲಕ್ಕಾಗಿ ವರ್ಷಗಟ್ಟಲೆ ಹಣ ಕೂಡಿಟ್ಟವಳು ಅವಳು. "ಮೊದಲು ಹಲಗೆಯ ಅಂಚನ್ನು ನೋಡೋಣ, ತಾಳಮ್ಮ" ಎಂದೆವು.

ಬಾಗಿಲ ಬಳಿಯ ಪಟ್ಟಿಯನ್ನು ಬಿಚ್ಚಿಸಿ ನೋಡಲಾಗಿ, ಮೇಲಿನ ತೇಗದ ಪದರವು ೨ ಮಿಲಿಮೀಟರು ಮಾತ್ರ, ಕೆಳಗಿರುವುದೆಲ್ಲ ಪ್ಲೈವುಡ್ಡು. ಯಂತ್ರವು ಒಂದೆಡೆ ತುಸು ಆಳಕ್ಕಿಳಿದರೂ ತೇಗವು ಹೋಗಿ ಪ್ಲೈವುಡ್ಡು ಕಾಣುವುದು. ಅದಲ್ಲದೆ, ಕಾರ್ಖಾನೆಯಲ್ಲಿಯೇ ಮೆರುಗು ಪಡೆದು ಬರುವ ಹಲಗೆಗಳ ಲೇಪದಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡಿನ ಕಣಗಳಿದ್ದು, ನೇರಳಾತೀತ ಕಿರಣಗಳಿಂದ ಅದನ್ನು ಗಟ್ಟಿಗೊಳಿಸಿರುತ್ತಾರೆ. ಸಂಸ್ಕೃತದ ಕುರುವಿಂದಶಿಲೆಯು ಈ ದ್ರವ್ಯವೇ. ಮಾಣಿಕ್ಯವೂ ಇದರದೇ ರೂಪ. ಉಪ್ಪುಕಾಗದದ ಕಣಗಳೂ ಬಹುಮಟ್ಟಿಗೆ ಇವೇ. ಈ ಸಮಬಲರ ಕಾಳಗದಲ್ಲಿ ನಷ್ಟವಾಗುವುದು ನಡುವೆ ಸಿಕ್ಕಿದ ಮೃದುವಾದ ಮರಕ್ಕೆ.

ಆದುದರಿಂದ ಹಳೆಯ ಲೇಪವನ್ನು ಕೀಳದೆ, ಅದರ ಮೇಲೆಯೇ ಹೊಸದನ್ನು ಕೊಡುವ ಕ್ರಮವನ್ನು ಹಿಡಿದೆವು. ಮೊದಲು ಪರೀಕ್ಷೆ: ನೀರಿನ ಹನಿಯು ಮಣಿಯಂತೆ ನಿಂತರೆ ಲೇಪವು ಉಳಿದಿದೆಯೆಂದರ್ಥ, ಮರವು ಹನಿಯನ್ನು ಹೀರಿ ಕಪ್ಪಾದರೆ ಅಲ್ಲಿ ಈ ಕ್ರಮವೊಂದೇ ಸಾಲದು. ನಮ್ಮಲ್ಲಿ ಹನಿಯು ನಿಂತಿತು. ಅನಂತರ ದೋಷವನ್ನು ಕಳೆಯುವ ಕೆಲಸ. ಮೇಣ ಅಥವಾ ಎಣ್ಣೆಯ ಲೇಶವಿದ್ದರೂ ಹೊಸ ಲೇಪವು ಹಿಡಿಯದೆ ಸಿಪ್ಪೆಯಂತೆ ಏಳುವುದು. ಮರದ ನೆಲಕ್ಕೆಂದೇ ಮಾಡಿದ ದ್ರವದಲ್ಲಿ ಬಟ್ಟೆಯನ್ನದ್ದಿ, ಚೆನ್ನಾಗಿ ಹಿಂಡಿ ಒರೆಸಬೇಕು, ನೀರನ್ನು ಸುರಿಯಕೂಡದು. ತರುವಾಯ ನಯವಾದ ಉಜ್ಜುನಾರಿನಿಂದ ಹೊಳಪನ್ನಷ್ಟೇ ಮಂಕುಮಾಡಿ, ಧೂಳನ್ನು ಪೂರ್ಣವಾಗಿ ತೆಗೆಯತಕ್ಕದ್ದು. ಗಟ್ಟಿಯಾದ ಲೇಪಗಳಿಗೆ ಹಿಡಿತ ಕೊಡುವ ದ್ರವವೊಂದನ್ನೂ ಹಚ್ಚುವುದುಂಟು.

ಒಮ್ಮೆಗೇ ಇಡೀ ಕೋಣೆಗೆ ಕೈಹಾಕದೆ, ಬೀರುವಿನ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಹಚ್ಚಿಸಿ, ಚೆನ್ನಾಗಿ ಒಣಗಿದ ಮೇಲೆ ನಾಣ್ಯದಿಂದ ಕೆರೆದು ನೋಡಿದೆವು, ಅದು ಏಳಲಿಲ್ಲ. ಆಮೇಲೆ ಕಿಟಕಿಗಳನ್ನು ತೆರೆದಿಟ್ಟು, ನೀರು ಬೆರೆಯುವ ಪಾಲಿಯುರೆಥೇನನ್ನು ಮರದ ಎಳೆಯ ಜಾಡಿನಲ್ಲಿ ತೆಳುವಾಗಿ ಹಚ್ಚಿಸಿದ್ದಾಯಿತು. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಮೇಜು ಕುರ್ಚಿಗಳನ್ನೂ ಜಮಖಾನೆಯನ್ನೂ ಹೊರಗೇ ಇಟ್ಟೆವು.

ಮರಕ್ಕೇ ಇಳಿದಿದ್ದ ಎರಡು ಗೀರುಗಳು ಉಳಿದವು. ಮಿಕ್ಕ ನೆಲವು ಬೆಳಗಿತು. ಈಗ ಬಾಗಿಲಲ್ಲಿ ಕಾಲೊರಸು ಇದೆ. ಕುರ್ಚಿಯ ಕಾಲುಗಳಿಗೆ ಉಣ್ಣೆಯ ಬಿಲ್ಲೆಗಳಿವೆ. ಮರಳಿನ ಕಣವೇ ಮೆರುಗಿನ ಮುಖ್ಯ ಶತ್ರು.

ಗೃಹಸ್ಥರು ಯಂತ್ರಕ್ಕೆ ಒಪ್ಪುವ ಮುನ್ನ ಹಲಗೆಯ ಅಂಚನ್ನೊಮ್ಮೆ ನೋಡಲಿ. ಉಜ್ಜಿಸುವುದನ್ನು ಎಂದಾದರೂ ಮಾಡಬಹುದು. ಉಜ್ಜಿ ಹೋದ ತೇಗವನ್ನು ಮರಳಿ ತರಲಾಗದು.